ಹೊಸದುರ್ಗದ ಹತ್ತಿರ ಡಯಾಲಿಸಿಸ್ ಎಲ್ಲಿದೆ, ಹೇಗೆ ಹುಡುಕುವುದು?

ಹೊಸದುರ್ಗದ ಮಗಳು:
ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಸಲಕ್ಕೆ ನಾಲ್ಕು ಗಂಟೆ. ಅಮ್ಮ ದಾವಣಗೆರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ. ವಾಪಸ್ ಬರುವಾಗ ಅಪ್ಪನಿಗೆ ತಲೆ ಸುತ್ತು. ನಾನಿರುವುದು ಬೆಂಗಳೂರಿನಲ್ಲಿ. ಗೂಗಲ್ ಮ್ಯಾಪ್‌ನಲ್ಲಿ ಹುಡುಕಿದರೆ ಸ್ಕ್ಯಾನಿಂಗ್ ಸೆಂಟರ್ ಎಲ್ಲಾ ಬರುತ್ತವೆ. ಒಂದು ನಂಬರಿಗೆ ಮಾಡಿದರೆ ಯಾವುದೋ ಮೆಡಿಕಲ್ ಶಾಪಿನವರು ಎತ್ತಿದರು! ನಮ್ಮದು ಬಿಪಿಎಲ್ ಕಾರ್ಡ್. ಹತ್ತಿರದಲ್ಲಿ ಸರ್ಕಾರಿ ಸೆಂಟರ್ ಇದೆಯಾ ಅಂತ ತಿಳಿಯುವುದು ಹೇಗೆ?

ಫಿಸ್ಟುಲಾ ಕೈ:
ಮೇಡಂ, ನಾನೂ ಡಯಾಲಿಸಿಸ್ ಗಿರಾಕಿಯೇ. ಮ್ಯಾಪ್ ಬೋರ್ಡ್ ತೋರಿಸುತ್ತದೆ, ಮಷಿನ್ ಖಾಲಿ ಇದೆಯಾ ಅಂತ ಹೇಳುವುದಿಲ್ಲ. 104ಕ್ಕೆ ಫೋನ್ ಮಾಡಿ. ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. 2016ರಲ್ಲಿ ಕೇಂದ್ರದ ಡಯಾಲಿಸಿಸ್ ಯೋಜನೆ ಬಂತು. ಈಗ ನಮ್ಮ ರಾಜ್ಯದ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲೂ ಮಷಿನ್ ಇವೆ, ಬಿಪಿಎಲ್‌ನವರಿಗೆ ಉಚಿತ. ಆದರೆ 'ಡಯಾಲಿಸಿಸ್ ಇದೆಯಾ' ಅಂತ ಕೇಳಬೇಡಿ. 'ಇದೆ' ಅಂತ ಫೋನ್ ಇಟ್ಟುಬಿಡುತ್ತಾರೆ. ಯಾವ ಶಿಫ್ಟ್‌ನಲ್ಲಿ ಜಾಗ ಇದೆ, ನಮಗಿಂತ ಮೊದಲು ಎಷ್ಟು ಜನ ಕಾಯುತ್ತಿದ್ದಾರೆ ಅಂತ ಕೇಳಿ. ಅಪ್ಪನ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ರಿಪೋರ್ಟ್ ಕೈಯಲ್ಲಿರಲಿ. ಹೆಪಟೈಟಿಸ್ ಬಿ ಇದ್ದವರಿಗೆ ಬೇರೆ ಮಷಿನ್ ಬೇಕು, ಅದು ಎಲ್ಲಾ ಕಡೆ ಇರುವುದಿಲ್ಲ. ಮೊದಲೇ ಕೇಳದಿದ್ದರೆ ಅಲ್ಲಿವರೆಗೆ ಹೋಗಿ ಸುಮ್ನೆ ವಾಪಸ್ ಬರಬೇಕಾಗುತ್ತದೆ.

ಆಶಾ ಅಕ್ಕ:
ಆಸ್ಪತ್ರೆಯಲ್ಲಿ 'ಆರೋಗ್ಯ ಮಿತ್ರ' ಅಂತ ಒಬ್ಬರು ಇರುತ್ತಾರೆ. ಆಯುಷ್ಮಾನ್ ಕಾರ್ಡಿನ ಕೆಲಸ ಅವರದ್ದೇ. ಅಮ್ಮನಿಗೆ ನೇರವಾಗಿ ಅವರ ಹತ್ತಿರ ಹೋಗಲು ಹೇಳಿ. ಬಿಪಿ ಮಾತ್ರೆಗೆ ಜನೌಷಧಿ ಸುಗಮ್ ಆಪ್ ನೋಡಿ, ಹತ್ತಿರದ ಅಂಗಡಿ ತೋರಿಸುತ್ತದೆ.

ಹೊಸದುರ್ಗದ ಮಗಳು:
104ರವರು ನಂಬರ್ ಕೊಟ್ಟರು. ಮಧ್ಯಾಹ್ನದ ಶಿಫ್ಟ್‌ಗೆ ನಮಗಿಂತ ಮೊದಲು ಇಬ್ಬರಿದ್ದಾರಂತೆ. ಹೆಸರು ಬರೆಸಿದೆ. ಅಲ್ಲಿವರೆಗೆ ವಾರಕ್ಕೆ ಎರಡೇ ಸಲ ಹೋಗೋಣ, ಬಸ್ಸು ಸಾಕಾಗಿದೆ ಅಂತಾರೆ ಅಪ್ಪ.

ಫಿಸ್ಟುಲಾ ಕೈ:
ಬೇಡವೇ ಬೇಡ. ಒಂದು ಸಲ ತಪ್ಪಿದರೂ ಮೈಯಲ್ಲಿ ನೀರು ತುಂಬುತ್ತದೆ, ಪೊಟ್ಯಾಸಿಯಂ ಏರುತ್ತದೆ, ಹೃದಯಕ್ಕೇ ಅಪಾಯ. ಎಷ್ಟು ಸಲ ಅಂತ ಡಾಕ್ಟರೇ ಹೇಳಬೇಕು, ನಾವಲ್ಲ. ಜಾಗ ಸಿಕ್ಕ ಮೇಲೆ ದಾವಣಗೆರೆಯವರಿಂದ ಅಪ್ಪನ ಡ್ರೈ ವೇಟ್ (ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕ), ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ) ಡೋಸ್ ಬರೆಸಿಕೊಳ್ಳಿ. ಹೊಸ ಕಡೆ ಮೊದಲ ದಿನವೇ ಕೇಳುತ್ತಾರೆ.