ವ್ಯಸನದ ನರವಿಜ್ಞಾನ ಓದಬೇಕೆಂದಿದ್ದೇನೆ: ಶಿರಸಿಯಿಂದ ದಾರಿ ಯಾವುದು?

ಹುಲೇಕಲ್ ಹುಡುಗಿ

ಧಾರವಾಡದಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೇನೆ. ವ್ಯಸನ ಮಿದುಳಿನೊಳಗೆ ಏನು ಮಾಡುತ್ತದೆ ಎಂಬುದರ ಮೇಲೆ ಪಿಎಚ್.ಡಿ. ಮಾಡುವ ಆಸೆ. ಅಪ್ಪ "ಕುಡುಕರ ಮೇಲೆ ಓದಿ ಯಾವ ನೌಕರಿ?" ಎನ್ನುತ್ತಾರೆ. ಆಯಿ ಏನೂ ಹೇಳುವುದಿಲ್ಲ. ಅವಳ ಅಣ್ಣ ಹೋದದ್ದು ಕುಡಿತದಿಂದಲೇ.

ನಾನು ಓದಿದ ಪ್ರಬಂಧಗಳಲ್ಲೆಲ್ಲ ಕೊಕೇನ್, ಹೆರಾಯಿನ್. ನಮ್ಮಲ್ಲಿ ಇರುವುದು ಸಾರಾಯಿ, ಗುಟ್ಕಾ, ಕವಳ (ಎಲೆಅಡಿಕೆ). ಇವುಗಳ ಬಗ್ಗೆ ಕೆಲಸ ಮಾಡಲು ಭಾರತದಲ್ಲಿ ಅವಕಾಶ ಇದೆಯೇ? ಮಿದುಳಿನ ರಾಸಾಯನಿಕವಾದ ಡೋಪಮಿನ್ ಬಿಟ್ಟು ಹೊಸತೇನಾದರೂ ನಡೆದಿದೆಯೇ? ಇಲಿ ಕೊಯ್ಯುವುದು ಕಡ್ಡಾಯವೇ? (ಮನೆಯಲ್ಲಿ ಇದನ್ನು ಇನ್ನೂ ಹೇಳಿಲ್ಲ.)

ಅಘನಾಶಿನಿ ದಂಡೆಯವನು

ತಂಗೀ, ಊರು ಕುಮಟಾ, ಈಗ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿದ್ದೇನೆ. ಮೊದಲು ಡೋಪಮಿನ್ ಲೆಕ್ಕ ಚುಕ್ತಾ ಮಾಡೋಣ. ಅದನ್ನು 'ಸುಖದ ರಾಸಾಯನಿಕ' ಎಂದು ಪುರವಣಿಗಳು ಇಂದಿಗೂ ಬರೆಯುತ್ತವೆ. ಓದಿದಾಗಲೆಲ್ಲ ನನಗೆ ತಲೆ ಬಿಸಿಯಾಗುತ್ತದೆ. 1954ರಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಇಲಿಯ ಮಿದುಳಿಗೆ ತಂತಿ ಇಳಿಸಿ, ಸನ್ನೆಕೋಲು ಒತ್ತಿದರೆ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿ ಒತ್ತುತ್ತಲೇ ಹೋಯಿತು. ಸುಖದ ಕಥೆ ಹುಟ್ಟಿದ್ದು ಅಲ್ಲಿ. ಅದನ್ನು ಮುರಿದವರು ಬೆರಿಡ್ಜ್ ಮತ್ತು ರಾಬಿನ್ಸನ್. ಡೋಪಮಿನ್ ಬಹುತೇಕ ಇಲ್ಲವಾಗಿಸಿದ ಇಲಿಯ ನಾಲಿಗೆಗೆ ಸಿಹಿ ಹಾಕಿದರೆ ಅದು ಬಾಯಿ ಚಪ್ಪರಿಸುತ್ತದೆ, ಆದರೆ ತಾನಾಗಿ ಎದ್ದು ಹೋಗಿ ತಿನ್ನುವುದಿಲ್ಲ. ಹಿತವೆನಿಸುವುದು ಬೇರೆ, ಬೇಕೆನಿಸುವುದು ಬೇರೆ. ವ್ಯಸನದಲ್ಲಿ ಹಿತ ಕುಗ್ಗಿದ ಮೇಲೂ ಬೇಕೆನ್ನುವುದು ಬೆಳೆಯುತ್ತಲೇ ಹೋಗುತ್ತದೆ ಎಂಬುದು ಅವರ 1993ರ ಸಿದ್ಧಾಂತ. ಲೋಟ ಕೈಯಲ್ಲಿ ಹಿಡಿದೇ ಕುಡಿತವನ್ನು ಬೈಯುವವರನ್ನು ನೀವೂ ನೋಡಿರಬಹುದು.

ಹೊಸತು ಬೇಕಾದಷ್ಟಿದೆ. 2007ರಲ್ಲಿ ನಖ್ವಿ ಮತ್ತು ಸಂಗಡಿಗರು, ಪಾರ್ಶ್ವವಾಯು ಮುಂತಾದ ಕಾರಣಗಳಿಂದ ಮಿದುಳಿನ ಇನ್ಸುಲಾ ಭಾಗಕ್ಕೆ ಪೆಟ್ಟು ಬಿದ್ದ ಕೆಲವರು ಸಿಗರೇಟನ್ನು ಸಲೀಸಾಗಿ ಬಿಟ್ಟರು, ಸೇದಬೇಕೆಂಬ ತುಡಿತವೇ ಅವರಿಗೆ ಉಳಿಯಲಿಲ್ಲ ಎಂದು ವರದಿ ಮಾಡಿದರು. 2022ರಲ್ಲಿ ಯೂಹೊ ಯೌತ್ಸಾ ತಂಡ ಇಂಥ ಪೆಟ್ಟುಗಳನ್ನು ಒಟ್ಟಿಗಿಟ್ಟು ನೋಡಿದಾಗ, ಅವು ಬೇರೆ ಬೇರೆ ಜಾಗದಲ್ಲಿದ್ದರೂ ಒಂದೇ ನರಜಾಲಕ್ಕೆ ಸೇರಿದ್ದವು. ತಲೆಯ ಹೊರಗಿನಿಂದ ಆಯಸ್ಕಾಂತೀಯ ಪ್ರಚೋದನೆ ಕೊಡುವವರಿಗೆ ಗುರಿ ಎಲ್ಲಿಡಬೇಕೆಂಬ ಸುಳಿವು ಇದರಿಂದ ಸಿಗುತ್ತದೆ. ಧೂಮಪಾನ ಬಿಡಿಸಲು ಅಂಥ ಒಂದು ಯಂತ್ರಕ್ಕೆ ಅಮೆರಿಕದಲ್ಲಿ 2020ರಲ್ಲೇ ಅನುಮತಿ ಸಿಕ್ಕಿದೆ. ಸಕ್ಕರೆ ಕಾಯಿಲೆಯ ಸೆಮಾಗ್ಲುಟೈಡ್ ಕುಡಿತವನ್ನೂ ತಗ್ಗಿಸೀತೇ ಎಂಬ ಪರೀಕ್ಷೆಗಳು ನಡೆಯುತ್ತಿವೆ. ಆರಂಭದ ಫಲಿತಾಂಶ ಚೆನ್ನಾಗಿದೆ, ಆದರೆ ಪರೀಕ್ಷೆ ಚಿಕ್ಕದು. ಈಗಲೇ ಕುಣಿಯುವುದು ಬೇಡ.

ನಿಮಗೆ ನಿಜವಾಗಿ ಹೇಳಬೇಕಾದದ್ದು ಅಡಿಕೆಯ ವಿಷಯ. ಅದರಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಮಸ್ಕರಿನಿಕ್ ರಿಸೆಪ್ಟರುಗಳನ್ನು (ರಾಸಾಯನಿಕ ಸಂದೇಶ ಹಿಡಿಯುವ ಕೋಶದ ಬಾಗಿಲುಗಳನ್ನು) ಕೆರಳಿಸುತ್ತದೆ ಎಂಬುದು ಹಳೆಯ ಸಂಗತಿ. ಕವಳ ಹಾಕಿದೊಡನೆ ಬೆವರು, ಜೊಲ್ಲು ಬರುವುದು ಅದರಿಂದ. ಆದರೆ ಅಷ್ಟರಿಂದ ಚಟ ಹತ್ತುವುದು ಹೇಗೆ? 2015ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ರೋಜರ್ ಪ್ಯಾಪ್ಕೆ ತಂಡ ಇದಕ್ಕೊಂದು ಉತ್ತರ ಕೊಟ್ಟಿತು. ತಂಬಾಕಿನ ನಿಕೋಟಿನ್ ಹಿಡಿಯುವ ಆಲ್ಫಾ4-ಬೀಟಾ2 ರಿಸೆಪ್ಟರನ್ನು ಅರೆಕೋಲಿನ್ ಕೂಡ ಅರೆಬರೆ ತೆರೆಯುತ್ತದೆ. ಸಿಗರೇಟು ಬಿಡಿಸುವ ವರೆನಿಕ್ಲಿನ್ ಮಾತ್ರೆ ಕೆಲಸ ಮಾಡುವುದೂ ಅದೇ ಬಾಗಿಲಲ್ಲಿ. ಹಾಗಾದರೆ ಆ ಮಾತ್ರೆ ಕವಳದ ಚಟಕ್ಕೂ ಆದೀತೇ? ಹೊಗೆಸೊಪ್ಪು ಸೇರಿಸಿ ಅಗಿಯುವವನ ಮಿದುಳಿನಲ್ಲಿ ಎರಡೂ ಕೂಡಿ ಏನಾಗುತ್ತದೆ? ತೈವಾನಿನಲ್ಲಿ ಖಿನ್ನತೆಯ ಮಾತ್ರೆಗಳನ್ನು ಕವಳದ ಚಟಕ್ಕೆ ಕೊಟ್ಟು ನೋಡಿದ್ದಾರೆ. ಗುವಾಮ್ ಮತ್ತು ಸೈಪಾನ್ ದ್ವೀಪಗಳಲ್ಲಿ ಆಪ್ತಸಲಹೆಯ ಮೂಲಕ ಬಿಡಿಸುವ ಪ್ರಯೋಗ ನಡೆದಿದೆ. ಅಡಿಕೆ ಬೆಳೆದು, ಸುಲಿದು, ಅಗಿಯುವ ಶಿರಸಿ ಸೀಮೆಯಿಂದ ಈ ಪ್ರಶ್ನೆ ಹಿಡಿದು ಹೊರಡುವವರಿಗಾಗಿ ನಾನಂತೂ ಕಾಯುತ್ತಿದ್ದೇನೆ.

ಬೈತಖೋಲ್ ಸಿಸ್ಟರ್

ನಾನು ಕಾರವಾರದಲ್ಲಿ ಮನೋರೋಗ ವಾರ್ಡಿನ ನರ್ಸ್. ಅಘನಾಶಿನಿಯವರು ಹೇಳಿದ 'ಬೇಕು' ಇದೆಯಲ್ಲ, ಅದು ಬಂದರಿನಲ್ಲಿ ಕಣ್ಣಿಗೆ ಕಾಣುತ್ತದೆ. ಬೋಟಿನ ಮೇಲೆ ವಾರಗಟ್ಟಲೆ ಇದ್ದು ಒಂದು ತೊಟ್ಟೂ ಮುಟ್ಟದವರು ದಕ್ಕೆಗೆ ಕಾಲಿಟ್ಟ ಕೂಡಲೇ ಗಂಟಲು ಒಣಗಿತು ಎನ್ನುತ್ತಾರೆ. ಆ ಡೀಸೆಲ್ ವಾಸನೆ, ಐಸ್ ಒಡೆಯುವ ಸದ್ದು, ಕೈಗೆ ಬಂದ ಹಣ, ಇಷ್ಟೇ ಸಾಕು. ಇನ್ನು ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಬೆಲೆಯೂ ಅಗ್ಗ.

ನನ್ನದೊಂದು ತಕರಾರು. ಕಾಲು ಮುರಿದು ದಾಖಲಾದ ಕುಡುಕನಿಗೆ ಕುಡಿತ ತಪ್ಪಿದ್ದರಿಂದ ಎರಡು ದಿನ ಬಿಟ್ಟು ಕೈ ನಡುಗಿ, ಗೋಡೆಯ ಮೇಲೆ ಹುಳ ಕಾಣತೊಡಗುತ್ತದೆ. ಶಮನದ ಔಷಧ ಲೊರಾಜೆಪಾಮ್, ಥಯಾಮಿನ್ ಜೀವಸತ್ವ ಕೊಟ್ಟು ಉಳಿಸುತ್ತೇವೆ. ಬಿಡುಗಡೆಯಾಗಿ ಹೋದವನು ಮತ್ತೆ ಬರುತ್ತಾನೆ, ಏಕೆಂದರೆ ಮನೆಯಲ್ಲಿ ಅವನೊಡನೆ ಮಾತನಾಡುವವರೇ ಇಲ್ಲ. ಇದು ಯಾವ ಸ್ಕ್ಯಾನಿನಲ್ಲಿ ಕಾಣುತ್ತದೆ?

ಚಾಲಿ ಭಟ್ಟ, ಸಿದ್ದಾಪುರ

2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಮಾನ್ಯತೆ ಸಿಕ್ಕಿತೆಂದು ಸಂತೋಷಪಟ್ಟೆವು. ಈಗ ನಮ್ಮ ಹುಡುಗಿಯೇ ಹೋಗಿ ಅದು ಮಾದಕವಸ್ತು ಎಂದು ಸಾಧಿಸಬೇಕೇ? ಎಲೆಚುಕ್ಕಿ ರೋಗ ಒಂದು ಕಡೆ, ದರ ಒಂದು ಕಡೆ, ಇದೊಂದು ಬಾಕಿ ಇತ್ತು. ನನ್ನ ಅಜ್ಜ ತೊಂಬತ್ತರವರೆಗೆ ಕವಳ ಹಾಕಿದವರು.

ಅಘನಾಶಿನಿ ದಂಡೆಯವನು

ಭಟ್ಟರೇ, ಅಜ್ಜನವರಿಗೆ ನಮಸ್ಕಾರ. ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ (ಖಚಿತವಾಗಿ ಕ್ಯಾನ್ಸರ್ ತರುವಂಥವು) ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಸೇರಿಸಿದೆ. ಈ ತಂಗಿ ಓದಿದರೂ ಬಿಟ್ಟರೂ ಅದು ಬದಲಾಗುವುದಿಲ್ಲ. ಬಿಡಬೇಕೆಂದು ಒದ್ದಾಡುವವನಿಗೆ ಒಂದು ಮಾತ್ರೆ ಸಿಕ್ಕರೆ ನಿಮ್ಮ ತೋಟಕ್ಕೆ ಯಾವ ನಷ್ಟವೂ ಇಲ್ಲ.

ಸಿಸ್ಟರ್, ನಿಮ್ಮ ತಕರಾರನ್ನು ಪ್ರಯೋಗಾಲಯವೂ ಕೇಳಿಸಿಕೊಂಡಿದೆ. 2018ರಲ್ಲಿ ಮಾರ್ಕೊ ವೆನ್ನಿರೊ, ಯಾವಿನ್ ಶಹಾಮ್ ಮತ್ತಿತರರು ಇಲಿಗಳ ಮುಂದೆ ಎರಡು ಸನ್ನೆಕೋಲು ಇಟ್ಟರು. ಒಂದನ್ನು ಒತ್ತಿದರೆ ಮೆಥಾಂಫೆಟಮಿನ್ ಎಂಬ ಮಾದಕವಸ್ತು, ಇನ್ನೊಂದನ್ನು ಒತ್ತಿದರೆ ಬಾಗಿಲು ತೆರೆದು ಇನ್ನೊಂದು ಇಲಿಯ ಸಂಗ. ಚಟ ಹತ್ತಿದ ಇಲಿಗಳೂ ಸಂಗವನ್ನೇ ಆರಿಸಿಕೊಂಡವು. ಅದಕ್ಕೆ ಮೊದಲಿನ ಪ್ರಯೋಗಗಳಲ್ಲಿ ಪಂಜರದಲ್ಲಿ ಇರುತ್ತಿದ್ದುದು ಹೆಚ್ಚಾಗಿ ಒಂಟಿ ಇಲಿ.

ತಂಗೀ, ಇಲಿ ಕಡ್ಡಾಯವಲ್ಲ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ, ಮಿದುಳಿನ ಚಿತ್ರಣದ ಕೆಲಸವೂ ನಡೆಯುತ್ತದೆ. ಭಾರತ ಮತ್ತು ಬ್ರಿಟನ್ ಸೇರಿ, ಯಾರು ವ್ಯಸನಕ್ಕೆ ಬೀಳಬಲ್ಲರೆಂದು ತಿಳಿಯಲು ನಡೆಸಿದ ಸಿ-ವೇದ ಅಧ್ಯಯನದಲ್ಲಿ ಮೈಸೂರೂ ಸೇರಿ ಏಳು ಕೇಂದ್ರಗಳ 6ರಿಂದ 23 ವರ್ಷದ ಮಕ್ಕಳು, ಯುವಕರು ಇದ್ದಾರೆ. ಪರಿಸರದ ವಿಷಗಳನ್ನೂ ಬಡತನವನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದು ಅದರ ವಿಶೇಷ. ಆಣ್ವಿಕ ಮಟ್ಟದ ಕೆಲಸ ಬೇಕಾದರೆ ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್ ಕಡೆ ನೋಡಿ. ಮೊದಲು ನೆಟ್ ಪರೀಕ್ಷೆ ಬರೆಯಿರಿ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ. ಅಪ್ಪನಿಗೆ ಈ ಅಂಕಿಯನ್ನೇ ಮೊದಲು ಹೇಳಿ.

ಹುಲೇಕಲ್ ಹುಡುಗಿ

ಹೇಳಿದೆ. "ಪಿಂಚಣಿ ಉಂಟೋ?" ಎಂದು ಕೇಳಿದರು.

ಸಿಸ್ಟರ್, ಅರ್ಜಿ ಹಾಕುವ ಮೊದಲು ಸ್ವಲ್ಪ ದಿನ ನಿಮ್ಮ ವಾರ್ಡು ನೋಡಬಹುದೇ?

ಬೈತಖೋಲ್ ಸಿಸ್ಟರ್

ಬನ್ನಿ, ಆದರೆ ಹಾಗೆಯೇ ಬಂದರೆ ಒಳಗೆ ಬಿಡುವುದಿಲ್ಲ. ನಿಮ್ಮ ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ತನ್ನಿ. ಜೂನ್, ಜುಲೈ ಒಳ್ಳೆಯದು. ಮೀನುಗಾರಿಕೆ ನಿಷೇಧದ ದಿನಗಳಾದ್ದರಿಂದ ಬೋಟಿನವರು ಊರಲ್ಲೇ ಇರುತ್ತಾರೆ. ಕೊಂಕಣಿ ಬಂದರೆ ಇನ್ನೂ ಅನುಕೂಲ.