ಅಪ್‌ಡೇಟ್: ಗಿಟ್‌ಹಬ್ ಪ್ರೊಫೈಲ್‌ನಲ್ಲಿ ಉಳಿಸಿದ್ದು, ಮರೆಮಾಡಿದ್ದು

ನಲವತ್ತು ರೆಪಾಸಿಟರಿಗಳಿದ್ದರೂ (ಒಂದೊಂದು ಪ್ರಾಜೆಕ್ಟಿನ ಕೋಡ್ ಇರುವ ಸಂಗ್ರಹಗಳು) ನೇಮಕಾತಿ ಮಾಡುವವರು ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿರುವ ನನ್ನ ಪ್ರೊಫೈಲ್‌ನತ್ತ ಏಕೆ ತಿರುಗಿಯೂ ನೋಡುವುದಿಲ್ಲ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಆ ಸಂಖ್ಯೆಯೇ ತೊಡಕು ಎಂದು ನೀವು ಹೇಳಿದ್ದು ಸರಿಯಾಗಿತ್ತು. ಅರ್ಧಕ್ಕೆ ನಿಂತ ಅಭ್ಯಾಸದ ಕೋಡನ್ನೆಲ್ಲ ಖಾಸಗಿಯಾಗಿಸಿ, 6 ರೆಪಾಸಿಟರಿಗಳವರೆಗೆ ಪಿನ್ ಮಾಡಬಹುದಾದರೂ (ಅಂದರೆ ಪ್ರೊಫೈಲ್‌ನಲ್ಲಿ ಎದ್ದು ಕಾಣುವಂತೆ ಇಡಬಹುದಾದರೂ) ಮೂರನ್ನೇ ಪಿನ್ ಮಾಡಿದೆ.

ಹೆಚ್ಚು ಸಮಯ ಹಿಡಿದದ್ದು ಪ್ರಾಜೆಕ್ಟನ್ನು ಪರಿಚಯಿಸುವ ರೀಡ್‌ಮಿ ಕಡತ. ‘ಪೈಥಾನ್ ಪ್ರಾಜೆಕ್ಟ್’ ಎಂದಷ್ಟೇ ಇದ್ದ ಮೊದಲ ಸಾಲನ್ನು ‘ಬ್ಯಾಂಕ್ ಸ್ಟೇಟ್‌ಮೆಂಟಿನ ಪಿಡಿಎಫ್‌ನಿಂದ ತಿಂಗಳವಾರು ಖರ್ಚಿನ ಪಟ್ಟಿ ತೆಗೆಯುವ ಸಾಧನ’ ಎಂದು ಬದಲಿಸಿ, ಅದರ ಕೆಳಗೆ ಇನ್‌ಸ್ಟಾಲ್ ಮಾಡುವ ಕಮಾಂಡನ್ನೂ ಒಂದು ಸ್ಕ್ರೀನ್‌ಶಾಟನ್ನೂ ಇಟ್ಟೆ. ಲೈಸೆನ್ಸ್ ಇಲ್ಲದ ಕೋಡನ್ನು ಇತರರು ಮರುಬಳಸಲು ಅನುಮತಿಯೇ ಇರುವುದಿಲ್ಲವೆಂಬುದು ನನಗೆ ಹೊಳೆದೇ ಇರಲಿಲ್ಲ. ಮರುಬಳಕೆಗೆ ಮುಕ್ತ ಅನುಮತಿ ಕೊಡುವ ಎಂಐಟಿ ಲೈಸೆನ್ಸ್ ಸೇರಿಸಿದ ಬಳಿಕ ಅಪರಿಚಿತರೊಬ್ಬರು ದಿನಾಂಕದ ದೋಷವೊಂದನ್ನು ಸರಿಪಡಿಸಿ, ಆ ಬದಲಾವಣೆಯನ್ನು ಸೇರಿಸಿಕೊಳ್ಳುವಂತೆ ಪುಲ್ ರಿಕ್ವೆಸ್ಟ್ ಕಳುಹಿಸಿದರು. ಕಳೆದ ವಾರದ ಸಂದರ್ಶನದಲ್ಲಿ ಕೇಳಿದ್ದೂ ಆ ರಿಕ್ವೆಸ್ಟ್ ಮೇಲೆ ನಡೆದ ಚರ್ಚೆಯ ಬಗ್ಗೆಯೇ, ಯಾವ ದಿನ ಎಷ್ಟು ಕೆಲಸ ಮಾಡಿದೆ ಎಂದು ಪ್ರೊಫೈಲ್‌ನಲ್ಲಿ ತೋರಿಸುವ ಹಸಿರು ಚೌಕಗಳನ್ನು (ಅವುಗಳಿಗಾಗಿ ಎಷ್ಟು ನಿದ್ದೆಗೆಟ್ಟಿದ್ದೆನೋ!) ಯಾರೂ ಪ್ರಸ್ತಾಪಿಸಲಿಲ್ಲ.