ಒಪಿಡಿ ಬಿಡದೆ ಕ್ಲಿನಿಕಲ್ ರಿಸರ್ಚ್: ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ

ಒಪಿಡಿ, ವಾರ್ಡ್ ಬಿಡದೆ ಕ್ಲಿನಿಕಲ್ ಟ್ರಯಲ್‌ಗಳ ಕಡೆ ಹೊರಳಬೇಕೆಂದಿರುವ ಫಿಸಿಷಿಯನ್ ಮೊದಲ ಒಂದೆರಡು ವರ್ಷ ಕೈಯಾರೆ ಮಾಡಿ ಕಲಿಯಬೇಕಾದ ಕೆಲಸ ಯಾವುದು? ಜಿಸಿಪಿ (ಟ್ರಯಲ್ ನಡೆಸುವ ಸರಿಯಾದ ಕ್ರಮಗಳ ನಿಯಮಾವಳಿ) ಸರ್ಟಿಫಿಕೇಟ್ ಬೇಗ ಕೈಗೆ ಬರುತ್ತದೆ, ಆದರೆ ಅದೊಂದನ್ನೇ ನಂಬಿ ಟ್ರಯಲ್ ನಡೆಸಲಾಗದು. ಇನ್ನೊಂದು ಮಾತು ಮನಸ್ಸನ್ನು ಕೊರೆಯುತ್ತಿದೆ. ವರ್ಷಗಟ್ಟಲೆ ನಮ್ಮಲ್ಲೇ ತೋರಿಸಿಕೊಳ್ಳುತ್ತಿರುವ ರೋಗಿ ಒಪ್ಪಿಗೆ ಪತ್ರ ಓದದೆ "ನೀವು ಹೇಳಿದ ಮೇಲೆ ಇನ್ನೇನು ಡಾಕ್ಟ್ರೇ, ಎಲ್ಲಿ ಸೈನ್ ಮಾಡ್ಲಿ?" ಅಂದರೆ ಅದನ್ನು ಒಪ್ಪಿಗೆ ಎನ್ನಬಹುದೆ?

ಉತ್ತರ 1 (ಇನ್ವೆಸ್ಟಿಗೇಟರ್, ಅಂದರೆ ಟ್ರಯಲ್ ನಡೆಸುವ ವೈದ್ಯ)

ಅದನ್ನು ಒಪ್ಪಿಗೆ ಎನ್ನಬಾರದು. ಆ ಸಹಿ ಬಿದ್ದದ್ದು ನಿಮ್ಮ ಮೇಲಿನ ನಂಬಿಕೆಗೆ. ರೋಗಿ ವೈದ್ಯರನ್ನು ಅವಲಂಬಿಸಿದ್ದರೆ, ಆ ಸಂಬಂಧದ ಹೊರಗಿರುವ ಅರ್ಹರೊಬ್ಬರು ಒಪ್ಪಿಗೆ ಕೇಳಬೇಕು ಎಂದು ಹೆಲ್ಸಿಂಕಿ ಘೋಷಣೆ (ಮನುಷ್ಯರ ಮೇಲಿನ ಸಂಶೋಧನೆಯ ನೈತಿಕ ತತ್ವಗಳು) ಹೇಳುವುದು ಇದಕ್ಕೇ. ನೀವು ವಿಷಯ ಪ್ರಸ್ತಾಪಿಸಿದರೆ ಸಾಕು; ವಿವರಿಸಿ ಒಪ್ಪಿಗೆ ಪಡೆಯುವುದನ್ನು ಆ ರೋಗಿಗೆ ಚಿಕಿತ್ಸೆ ಕೊಡದ ಸಹ-ಇನ್ವೆಸ್ಟಿಗೇಟರ್‌ಗೆ ಬಿಡಿ.

"ಅರ್ಥ ಆಯ್ತಾ?" ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ನಿಮಗೆ ಯಾವ ಔಷಧಿ ಬರುತ್ತೆ ಅಂತ ತೀರ್ಮಾನ ಮಾಡೋದು ಯಾರು?" ಎಂದು ಕೇಳಿ ನೋಡಿ. "ನೀವೇ, ನನಗೆ ಒಗ್ಗೋದನ್ನ ನೋಡಿ ಕೊಡ್ತೀರಲ್ಲ" ಎಂಬ ಉತ್ತರ ಬಂದರೆ ಮತ್ತೆ ಮೊದಲಿಂದ ಶುರು. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ, ಪ್ಲಸೀಬೊ (ಔಷಧಿ ಇಲ್ಲದ ಹುಸಿ ಮಾತ್ರೆ) ಬರಲೂಬಹುದು, ಯಾವಾಗ ಬೇಡವೆಂದರೂ ಈಗಿನ ಚಿಕಿತ್ಸೆಗೆ ಕುಂದಿಲ್ಲ. ಈ ಮೂರೂ ಅವರ ಬಾಯಿಂದಲೇ ಬರುವ ತನಕ ಪೆನ್ ಕೊಡಬೇಡಿ. ತುರ್ತು ಇಲ್ಲದಿದ್ದರೆ ಪತ್ರ ಮನೆಗೆ ಒಯ್ದು ಓದಲಿ.

ಓದಲು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿ ಇಡೀ ಮಾತುಕತೆಗೆ ಕೂತಿರಬೇಕು. ಟ್ರಯಲ್ ತಂಡದ ನರ್ಸ್ ಆಗುವುದಿಲ್ಲ. ಮಾತುಕತೆ ಮುಗಿದ ಮೇಲೆ ಸಹಿಗೆ ಮಾತ್ರ ಕರೆದರೂ ಆಗುವುದಿಲ್ಲ. ಸಹಿಯ ಜೊತೆ ಗಂಟೆಯನ್ನೂ ಬರೆಯಿರಿ. ಟ್ರಯಲ್‌ಗೆಂದೇ "ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ" ಅನ್ನುವುದು, ದಿನಾ ನುಂಗುವ ಮಾತ್ರೆ ನಿಲ್ಲಿಸುವುದು ಕೂಡ ಅಧ್ಯಯನದ ಕೆಲಸವೇ, ಒಪ್ಪಿಗೆಗೆ ಮುಂಚೆ ಆಗಬಾರದು. ಎಥಿಕ್ಸ್ ಕಮಿಟಿ ಒಪ್ಪಿಗೆ ಪತ್ರದ ಹೊಸ ಆವೃತ್ತಿಗೆ ಅನುಮೋದನೆ ಕೊಟ್ಟ ದಿನವೇ ಡ್ರಾಯರ್‌ನಲ್ಲಿರುವ ಹಳೆಯ ಪ್ರತಿಗಳನ್ನು ತೆಗೆದುಬಿಡಿ. ಇಲ್ಲದಿದ್ದರೆ ಯಾರೋ ಒಬ್ಬರು ಹಳೆಯದಕ್ಕೇ ಸಹಿ ಹಾಕಿಸುತ್ತಾರೆ.

ಉತ್ತರ 2 (ಸ್ಟಡಿ ಕೋಆರ್ಡಿನೇಟರ್)

ಡಾಕ್ಟ್ರೇ, ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್ (ಕೇಂದ್ರದಲ್ಲಿ ಟ್ರಯಲ್‌ನ ಪೂರ್ತಿ ಹೊಣೆ ಹೊರುವವರು) ಆಗಲು ಆತುರ ಬೇಡ. ಸಹ-ಇನ್ವೆಸ್ಟಿಗೇಟರ್ ಆಗಿ ಒಂದೇ ಒಂದು ಅಧ್ಯಯನವನ್ನು ಮೊದಲ ರೋಗಿಯಿಂದ ಕೊನೆಯ ಮುಕ್ತಾಯ ಹಂತವಾದ ಕ್ಲೋಸ್-ಔಟ್‌ವರೆಗೆ ಮಾಡಿ. ಯಾರಿಗೆ ಯಾವ ಕೆಲಸ ಎಂದು ಬರೆದಿಡುವ ಡೆಲಿಗೇಶನ್ ಲಾಗ್‌ನಲ್ಲಿ ಹೆಸರು, ಕೆಲಸ, ಆರಂಭದ ದಿನಾಂಕ ಬೀಳುವ ಮೊದಲು ಆ ಅಧ್ಯಯನದ ಯಾವ ಕೆಲಸಕ್ಕೂ ಕೈ ಹಾಕಬೇಡಿ.

ಪ್ರೋಟೋಕಾಲ್ (ಅಧ್ಯಯನದ ಲಿಖಿತ ಯೋಜನೆ) ಕೈಗೆ ಬಂದರೆ ಮೊದಲು ವಿಸಿಟ್‌ಗಳ ಕೋಷ್ಟಕ ತೆರೆಯಿರಿ. ಒಂದು ವಿಸಿಟ್ ಹಿಡಿದು ರೋಗಿ ಬಾಗಿಲಿಂದ ಒಳಬಂದು ಹೊರಹೋಗುವ ತನಕ ಕಲ್ಪಿಸಿಕೊಳ್ಳಿ: ಎಷ್ಟು ಟ್ಯೂಬ್ ರಕ್ತ, ಸೆಂಟ್ರಿಫ್ಯೂಜ್ ಮಾಡುವವರು ಯಾರು, ±3 ದಿನದ ಗಡುವಿನೊಳಗೆ ರಜೆ ಬಂದರೆ ಏನು, ನಾಲ್ಕು ಗಂಟೆ ಕಾಯಬೇಕಾದ ವಯಸ್ಸಾದವರು ಎಲ್ಲಿ ಕೂರುತ್ತಾರೆ. ಕೊನೆಯದಕ್ಕೆ ಉತ್ತರವಿಲ್ಲದ ಕಡೆ ಮೂರನೇ ವಿಸಿಟ್‌ಗೆ ರೋಗಿ ಬರುವುದಿಲ್ಲ. ಎಷ್ಟು ಜನ ಸಿಗುತ್ತಾರೆ ಎಂಬುದನ್ನೂ ನೆನಪಿನಿಂದ ಹೇಳಬೇಡಿ. ಹಿಂದಿನ ಆರು ತಿಂಗಳ ರಿಜಿಸ್ಟರ್ ತೆಗೆದು ಪ್ರತಿ ಷರತ್ತಿಗೂ ಹೊಂದಿಸಿ ಎಣಿಸಿ. ನೂರು ಎಂದುಕೊಂಡದ್ದು ಹತ್ತಕ್ಕೆ ಇಳಿದರೂ ಆಶ್ಚರ್ಯವಿಲ್ಲ.

ಆಮೇಲೆ ಲ್ಯಾಬ್ ರಿಪೋರ್ಟ್. ಬಂದ ದಿನವೇ ನೋಡಿ, ಹೆಚ್ಚುಕಡಿಮೆ ಇರುವ ಪ್ರತಿ ಅಂಕಿಯ ಪಕ್ಕ ವೈದ್ಯಕೀಯವಾಗಿ ಮುಖ್ಯವೋ ಅಲ್ಲವೋ ಬರೆದು, ಸಹಿ, ದಿನಾಂಕ ಹಾಕಿ. ಪೊಟ್ಯಾಶಿಯಂ 6.2 (ಅಪಾಯದ ಮಟ್ಟ) ಎಂಬ ರಿಪೋರ್ಟ್ ಸೋಮವಾರ ಸಂಜೆ ಬಂದು, ಸಹಿ ಗುರುವಾರದ್ದಾಗಿದ್ದರೆ, ಆ ಮೂರು ದಿನ ಆ ರೋಗಿಯನ್ನು ಯಾರೂ ಕಾಯಲಿಲ್ಲ ಎಂದೇ ಅರ್ಥ. ದಾಖಲೆ ಪರಿಶೀಲಿಸುವ ಮಾನಿಟರ್ ಬರುವ ಹಿಂದಿನ ದಿನ ಕೂತು ಒಟ್ಟಿಗೆ ಸಹಿ ಹಾಕುವ ಅಭ್ಯಾಸ ಹುಟ್ಟಲೇ ಬಾರದು. ತಪ್ಪಾಗಿ ಬರೆದಿದ್ದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು, ಇನಿಷಿಯಲ್, ಆ ದಿನದ ದಿನಾಂಕ. ವೈಟ್ನರ್ ಮುಟ್ಟಬೇಡಿ, ಹಳೆಯದು ಓದಲು ಬರಬೇಕು.

ಉತ್ತರ 3 (ಡ್ರಗ್ ಸೇಫ್ಟಿ)

ಹೊಸಬರು ಎಡವುವುದು "ಸೀರಿಯಸ್" ಮತ್ತು "ಸಿವಿಯರ್" ನಡುವೆ. ತಲೆ ಸಿಡಿಯುವಂಥ ನೋವು ಸಿವಿಯರ್, ಆದರೆ ಸೀರಿಯಸ್ ಆಗಬೇಕೆಂದಿಲ್ಲ. ಸಣ್ಣ ಅಲರ್ಜಿಗೆ ಅಡ್ಮಿಟ್ ಆದರೆ ಅದು ಸೀರಿಯಸ್. ಸಾವು, ಪ್ರಾಣಾಪಾಯ, ಅಡ್ಮಿಷನ್ ಅಥವಾ ಅದರ ಮುಂದುವರಿಕೆ, ಉಳಿದುಹೋಗುವ ವೈಕಲ್ಯ, ಹುಟ್ಟುವ ಮಗುವಿನಲ್ಲಿ ದೋಷ: ಇವಿಷ್ಟೂ ಸೀರಿಯಸ್. ಸ್ಪಾನ್ಸರ್‌ಗೆ (ಟ್ರಯಲ್ ಹೊಣೆ ಹೊತ್ತ ಕಂಪನಿ ಅಥವಾ ಸಂಸ್ಥೆಗೆ) ತಿಳಿಸಲು ಸಾಮಾನ್ಯವಾಗಿ 24 ಗಂಟೆ. ತಂಡದಲ್ಲಿ ಯಾರಿಗೆ ಮೊದಲು ಗೊತ್ತಾಯಿತೋ ಆಗಿನಿಂದಲೇ ಎಣಿಕೆ. ಮನೆಯವರು ಶನಿವಾರ ಕೋಆರ್ಡಿನೇಟರ್‌ಗೆ ಫೋನ್ ಮಾಡಿದ್ದರೆ, ನಿಮಗೆ ಸೋಮವಾರ ತಿಳಿಯಿತು ಎಂಬ ಮಾತು ನಿಲ್ಲುವುದಿಲ್ಲ. ಪೂರ್ತಿ ವಿವರಕ್ಕೆ ಕಾಯದೆ ಇದ್ದಷ್ಟು ಕಳಿಸಿ. ಔಷಧಿಯಿಂದಾಯಿತೆಂಬ ಅನುಮಾನವಿರುವ ಅನಿರೀಕ್ಷಿತ ಸಾವು ಅಥವಾ ಪ್ರಾಣಾಪಾಯವನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸ್ಪಾನ್ಸರ್ 7 ದಿನದೊಳಗೆ, ಉಳಿದ ಅನಿರೀಕ್ಷಿತ ಸೀರಿಯಸ್ ಪ್ರತಿಕ್ರಿಯೆಗಳನ್ನು 15 ದಿನದೊಳಗೆ ನಿಯಂತ್ರಕರಿಗೆ ಮುಟ್ಟಿಸಬೇಕಿರುತ್ತದೆ. ನೀವು ತಡಮಾಡಿದಷ್ಟೂ ಬೇರೆ ಕೇಂದ್ರಗಳ ರೋಗಿಗಳಿಗೆ ಎಚ್ಚರಿಕೆ ತಡ.

ತುರ್ತಿನಲ್ಲಿ ರೋಗಿಗೆ ಸಿಕ್ಕಿದ್ದು ಯಾವ ಔಷಧಿ ಎಂದು ಬಿಡಿಸಿ ನೋಡುವ ದಾರಿ, ಅದಕ್ಕೆ ಕರೆ ಮಾಡುವ ನಂಬರ್ ಮೊದಲ ರೋಗಿ ಸೇರುವ ಮುಂಚೆ ಗೊತ್ತಿರಲಿ. ಆ ನಂಬರ್‌ಗೆ ರಾತ್ರಿ ಎರಡು ಗಂಟೆಗೆ ಒಮ್ಮೆ ಫೋನ್ ಮಾಡಿ ನೋಡಿ.

2–8 ಡಿಗ್ರಿಯ ಫ್ರಿಜ್ ಉಷ್ಣಾಂಶ ತಪ್ಪಿದರೆ ಔಷಧಿ ಎಸೆಯಲೂ ಬೇಡಿ, ಕೊಡಲೂ ಬೇಡಿ. ಸರಿಯಾದ ತಾಪದಲ್ಲಿ ಬೇರೆ ಇಟ್ಟು, "ಕೊಡಬಾರದು" ಎಂದು ಚೀಟಿ ಅಂಟಿಸಿ, ಸ್ಪಾನ್ಸರ್ ಬರಹದಲ್ಲಿ ಉತ್ತರಿಸುವ ತನಕ ಕಾಯಿರಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. ಟ್ರಯಲ್ ನಡುವೆ ಸಾಕು ಅಂದ ರೋಗಿಗಳ ಬಗ್ಗೆ? ತಡೆಯಬಾರದು, ಸರಿ. ಆದರೆ ಅಷ್ಟಕ್ಕೇ ಫೈಲ್ ಮುಚ್ಚಬೇಕೆ?

ಉತ್ತರ 1 (ಇನ್ವೆಸ್ಟಿಗೇಟರ್)

ಔಷಧಿ ಸಾಕೋ, ಅಧ್ಯಯನವೇ ಸಾಕೋ, ಬೇರೆಬೇರೆಯಾಗಿ ಕೇಳಿ. "ಮಾತ್ರೆ ಬೇಡ, ಫೋನ್ ಮಾಡಿದರೆ ಮಾತಾಡ್ತೀನಿ" ಅನ್ನುವವರು ಎಷ್ಟೋ ಜನ. ಅವರ ಫಾಲೋ-ಅಪ್ ಉಳಿದರೆ ಅಧ್ಯಯನದ ಲೆಕ್ಕವೂ ಉಳಿಯುತ್ತದೆ, ತಡವಾಗಿ ಬರುವ ತೊಂದರೆಯೂ ಕಣ್ಣಿಗೆ ಬೀಳುತ್ತದೆ. ಪೂರ್ತಿ ಬೇಡ ಎಂದರೆ ಕಾರಣಕ್ಕೆ ಒತ್ತಾಯಿಸಬೇಡಿ. ಉಳಿದ ಮಾತ್ರೆ ವಾಪಸ್ ಪಡೆದು, ಸುರಕ್ಷತೆಗೆ ಬೇಕಾದ ಕೊನೆಯ ಪರೀಕ್ಷೆಗೆ ಒಪ್ಪುತ್ತಾರೋ ಕೇಳಿ, ಮುಂದಿನ ಒಪಿಡಿ ದಿನಾಂಕ ಅಲ್ಲೇ ಬರೆದುಕೊಡಿ.